ದೇಹರಕ್ಷಣೆಯೂ ಏಕಾದಶೀ ವ್ರತವೂ



ಈ ಶರೀರವು ಯಾರದು ಎಂದು ಕೇಳಿದರೆ ‘ನನ್ನದು’ ಎನ್ನದವರಿಲ್ಲ. ಶಾಸ್ತ್ರದ ಉತ್ತರ ಬೇರೆ. ಕಠೋಪನಿಷತ್ತು ಶರೀರವನ್ನು ರಥಕ್ಕೂ, ಬುದ್ಧಿಯನ್ನು ಸಾರಥಿಗೂ, ಮನಸ್ಸನ್ನು ಕಡಿವಾಣಕ್ಕೂ, ಇಂದ್ರಿಯಗಳನ್ನು ಕುದುರೆಗಳಿಗೂ ಹೋಲಿಸಿದೆ. ಸಾಧನೆಯ ಯಾತ್ರೆಗೆಂದು ಶ್ರೀಹರಿಯು ಜೀವನಿಗೆ ಅನುಗ್ರಹಿಸಿದ ರಥವಿದು. ಇದನ್ನು ಸಿಂಗರಿಸುತ್ತಲೇ ಕುಳಿತರೆ ಯಾತ್ರೆ ಸಾಗದು. ಅಚ್ಚು ಮುರಿಯುವವರೆಗೆ ಅಲಕ್ಷಿಸಿದರೂ ಸಾಗದು.

ಗೀತೆಯ 6ನೆಯ ಅಧ್ಯಾಯದಲ್ಲಿ ಭಗವಂತನು, ಅತಿಯಾಗಿ ಉಣ್ಣುವವನಿಗೂ ಏನನ್ನೂ ಉಣ್ಣದವನಿಗೂ, ಅತಿಯಾಗಿ ನಿದ್ರಿಸುವವನಿಗೂ ನಿದ್ರೆಗೆಟ್ಟವನಿಗೂ ಯೋಗವು ಸಿದ್ಧಿಸದೆಂದು ಸ್ಪಷ್ಟಪಡಿಸಿದ್ದಾನೆ. 17ನೆಯ ಅಧ್ಯಾಯದಲ್ಲಿ ಸಾತ್ತ್ವಿಕಾಹಾರದ ಫಲಗಳನ್ನು ಹೇಳುವಾಗ ಆಯುಸ್ಸು, ಬಲಗಳೊಡನೆ ಆರೋಗ್ಯವನ್ನೂ ಎಣಿಸಿದ್ದಾನೆ. ನಮ್ಮ ಆಚಾರ್ಯರ ದೇಹಬಲವನ್ನು ‘ಸುಮಧ್ವವಿಜಯ’ವು ಆದರದಿಂದ ವರ್ಣಿಸುತ್ತದೆ. ಅವರು ಒಂದೇ ಕೈಯಿಂದ ತಂದಿರಿಸಿದರೆಂದು ಹೇಳುವ ಬಂಡೆಯು ಕಳಸದ ಬಳಿ, ಭದ್ರಾನದಿಯ ಅಂಬುತೀರ್ಥದಲ್ಲಿ ಇಂದಿಗೂ ಇದೆ. ಆದುದರಿಂದ ದೇಹವನ್ನು ಹೀನವೆಂದು ಕಡೆಗಣಿಸುವುದು ವೈರಾಗ್ಯವಲ್ಲ.

ಹೀಗಿರುವಾಗ ಏಕಾದಶಿಯ ಉಪವಾಸವೇಕೆ ಎಂದು ಕೆಲವರು ಕೇಳಬಹುದು. ಶ್ರೀಮದಾಚಾರ್ಯರು ‘ಕೃಷ್ಣಾಮೃತಮಹಾರ್ಣವ’ದಲ್ಲಿ ಕೊಂಡಾಡಿರುವ ವ್ರತವದು. ಆರೋಗ್ಯವಂತರು ಅದನ್ನು ಸಬೂಬು ಹೇಳದೆ ಆಚರಿಸತಕ್ಕದ್ದು. ದಶಮಿಯಂದು ಒಪ್ಪೊತ್ತು, ಏಕಾದಶಿಯಂದು ನಿರಾಹಾರ, ದ್ವಾದಶಿಯಂದು ಪಾರಣೆ ಎಂಬ ಕ್ರಮದಲ್ಲಿಯೇ ಸಂಯಮವಿದೆ. ನಾವಾದರೋ ಎಷ್ಟೋ ವೇಳೆ ಪಾರಣೆಯಲ್ಲಿ ಎರಡು ದಿನದ ಊಟವನ್ನು ಒಮ್ಮೆಗೇ ಉಂಡು ಆ ಸಂಯಮವನ್ನು ಕೆಡಿಸುತ್ತೇವೆ.

ಆದರೆ ರೋಗಿಗಳ ವಿಷಯ ಬೇರೆ. ಅನೇಕ ಮನೆಗಳಲ್ಲಿ ಹಿರಿಯರು, ವಿಶೇಷವಾಗಿ ತಾಯಂದಿರು, ಏಕಾದಶಿಯಂದು ನಿತ್ಯದ ಮಾತ್ರೆಯನ್ನೂ ಮುಟ್ಟುವುದಿಲ್ಲ. ಒಂದು ಗುಟುಕು ನೀರು ಕುಡಿದರೆ ವ್ರತಭಂಗವಾಯಿತೆಂದು ಕಣ್ಣೀರಿಡುವವರೂ ಉಂಟು. ಅವರ ಶ್ರದ್ಧೆ ದೊಡ್ಡದು. ಭಯಕ್ಕೆ ಮಾತ್ರ ಆಧಾರವಿಲ್ಲ. ಮಹಾಭಾರತದ ಉದ್ಯೋಗಪರ್ವದಲ್ಲಿ ವ್ರತವನ್ನು ಕೆಡಿಸದಿರುವ ಎಂಟನ್ನು ಹೆಸರಿಸಿದೆ. ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಇಚ್ಛೆ, ಗುರುವಿನ ಮಾತು ಮತ್ತು ಔಷಧ. ಔಷಧವು ಆ ಪಟ್ಟಿಯಲ್ಲಿಯೇ ಇರುವಾಗ ನಾವು ಅದನ್ನು ಹೊರಗಿಡಲು ಯಾರು?

ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆಗಳನ್ನು ತೆಗೆದುಕೊಂಡು ಆಹಾರ ಬಿಟ್ಟರೆ, ರಕ್ತದಲ್ಲಿನ ಸಕ್ಕರೆ ಇಳಿದು ಬೆವರು, ನಡುಕ ಬಂದು ಪ್ರಜ್ಞೆಯೂ ತಪ್ಪಬಹುದು. ಔಷಧವನ್ನೇ ಬಿಟ್ಟರೆ ಸಕ್ಕರೆ ಏರಿ ಬೇರೊಂದು ಅಪಾಯ. ಇಂಥವರು ಉಪವಾಸಕ್ಕೆ ಮೊದಲೇ ವೈದ್ಯರನ್ನು ಕೇಳಬೇಕು, ಬಳಿಕ ಗುರುಹಿರಿಯರನ್ನು. ನಡುಕ ಕಂಡೊಡನೆ ಬೆಲ್ಲವನ್ನೋ ಸಕ್ಕರೆಯನ್ನೋ ಸೇವಿಸಲು ಅಳುಕಬಾರದು. ಅನ್ನವನ್ನು ಬಿಡಲಾಗದಿದ್ದರೂ ಹರಟೆ, ಕೋಪ, ಪರನಿಂದೆಗಳನ್ನು ಬಿಡಬಹುದು. ನಾಮಸ್ಮರಣೆ, ಕಥಾಶ್ರವಣಗಳನ್ನು ಮಾಡಬಹುದು.

ಮನೆಯ ಕಿರಿಯರಿಗೂ ಇಲ್ಲಿ ಕರ್ತವ್ಯವಿದೆ. ‘ಹೇಳಿದರೆ ಕೇಳುವುದಿಲ್ಲ’ ಎಂದು ಸುಮ್ಮನಾಗದೆ, ದಶಮಿಯ ರಾತ್ರಿಯೇ ಮಾತ್ರೆಗಳನ್ನು ತೆಗೆದಿರಿಸಿ, ಮರುದಿನ ಬೆಳಿಗ್ಗೆ ದೇವರ ತೀರ್ಥದ ಬಳಿಕ ನೀರಿನೊಡನೆ ಅವರ ಕೈಗಿತ್ತು ವಿನಯದಿಂದ ಒಪ್ಪಿಸಿರಿ. ಹಿರಿಯರೇ, ನೀವೂ ಅದನ್ನು ಹರಿಯು ಕೊಟ್ಟ ರಥದ ರಕ್ಷಣೆಯೆಂದು ಭಾವಿಸಿ ಸ್ವೀಕರಿಸಿರಿ. ಮುಂದಿನ ಏಕಾದಶಿಗೂ ತಾವು ದೇವರ ಮುಂದೆ ಕುಳಿತಿರಬೇಕಲ್ಲವೇ?

॥ ಶ್ರೀಕೃಷ್ಣಾರ್ಪಣಮಸ್ತು ॥