ಆ ಕೈ ಯಾರದು?

ಕೆಲವು ಪ್ರಶ್ನೆಗಳು ಬಲಿಪೂಜೆ ಮುಗಿಸಿ ಪೂಜಾವಸ್ತ್ರ ಕಳಚುವ ಹೊತ್ತಿಗೇ ಬರುತ್ತವೆ. ಅವಸರದಲ್ಲಿ ಏನೋ ಒಂದು ಉತ್ತರ ಕೊಟ್ಟುಬಿಡುತ್ತೇವೆ. ಹೋದ ವರ್ಷ ಸಿಂಗಸಂದ್ರದಲ್ಲಿ ಒಬ್ಬ ಸಹೋದರರು ಕೇಳಿದ್ದು ಅಂಥದ್ದೇ. ಹೊಸೂರು ರಸ್ತೆಯಾಚೆಯ ಸಣ್ಣ ಕಾರ್ಖಾನೆಯೊಂದರಲ್ಲಿ ಪವರ್ ಪ್ರೆಸ್ಸಿಗೆ ಸಿಕ್ಕಿ ಅವರ ಬಲಗೈ ಮಣಿಕಟ್ಟಿನವರೆಗೆ ಹೋಗಿತ್ತು. ಎರಡು ವರ್ಷದ ಮೇಲೆ ಬ್ಯಾಟರಿಯ ಕೃತಕ ಕೈ ಬಂದಿತ್ತು.

"ಸ್ವಾಮಿ, ಈ ಕೈಯಲ್ಲಿ ಶಿಲುಬೆ ಗುರುತು ಹಾಕ್ಕೋಬಹುದಾ? ಎಡಗೈಲಿ ಹಾಕ್ಕೊಂಡ್ರೆ ನಮ್ಮಮ್ಮ ಬೈತಾರೆ. ಇದ್ರಲ್ಲಿ ಹಾಕ್ಕೊಂಡ್ರೆ, ಪ್ಲಾಸ್ಟಿಕ್ಕಿಗೆ ಯಾವ ಭಕ್ತಿ ಅಂತಾರೆ."

"ದೇವರು ಮನಸ್ಸು ನೋಡ್ತಾರೆ ಕಣಪ್ಪಾ, ಕೈ ನೋಡಲ್ಲ" ಅಂದೆ. ಅವರು ತಲೆಯಾಡಿಸಿ ಹೋದರು. ಮುಂದಿನ ಭಾನುವಾರಗಳಲ್ಲಿ ಗಮನಿಸಿದೆ. ಶಿಲುಬೆ ಗುರುತಿನ ಹೊತ್ತಿಗೆ ಅವರು ಯಾವ ಕೈಯನ್ನೂ ಎತ್ತದೆ ಸುಮ್ಮನೆ ನಿಂತಿರುತ್ತಿದ್ದರು.

ನನ್ನ ಉತ್ತರ ಭಕ್ತಿಯ ಮಾತಿನಂತೆ ಕೇಳಿಸಿತ್ತು. ಆದರೆ ಅದು ನಮ್ಮ ವಿಶ್ವಾಸದ ಮಾತಲ್ಲ. ಮನಸ್ಸೊಂದೇ ಸಾಕಾಗಿದ್ದರೆ ದೇವರ ವಾರ್ತೆ ನರದೇಹ ಧರಿಸಬೇಕಿರಲಿಲ್ಲ, ನಾವು ಶರೀರದ ಪುನರುತ್ಥಾನವನ್ನು ವಿಶ್ವಾಸಿಸಬೇಕಿರಲಿಲ್ಲ, ರೋಗಿಗಳ ಹಣೆಗೂ ಕೈಗಳಿಗೂ ಎಣ್ಣೆ ಹಚ್ಚಬೇಕಿರಲಿಲ್ಲ. ಪ್ರಾರ್ಥನಾಮಂದಿರದಲ್ಲಿ ಯೇಸುಸ್ವಾಮಿ ಕೈಬತ್ತಿದವನನ್ನು ಕಂಡ ಪ್ರಸಂಗ ನಿಮಗೆ ಗೊತ್ತು. ಅದು ಬಲಗೈ ಎಂದು ಬರೆದವರು ಸಂತ ಲೂಕರು ಮಾತ್ರ. ಪ್ರಭು ಅವನಿಗೆ ಮನಸ್ಸು ಚೆನ್ನಾಗಿದ್ದರೆ ಸಾಕೆಂದು ಹೇಳಿ ಕಳಿಸಲಿಲ್ಲ. ಎಲ್ಲರ ನಡುವೆ ನಿಲ್ಲಿಸಿ ಕೈ ಚಾಚಲು ಹೇಳಿದರು.

ಹಾಗಾದರೆ ಈ ಕೃತಕ ಕೈ ಏನು? ನಿಮ್ಮ ಎಡಗೈಯಿಂದ ಬಲ ಮೊಳಕೈಯ ಕೆಳಗೆ ಹಿಡಿದು ಬಲಗೈ ಬೆರಳು ಮಡಿಸಿ ನೋಡಿ. ಬೆರಳನ್ನು ಬಲವಾಗಿ ಎಳೆಯುವ ಸ್ನಾಯುಗಳು ಬೆರಳಲ್ಲಿಲ್ಲ, ಅಲ್ಲಿವೆ. ಹಸ್ತ ಹೋದರೂ ಅವು ಉಳಿದಿರುತ್ತವೆ, ಮುಷ್ಟಿ ಕಟ್ಟಬೇಕೆಂದು ಬಯಸಿದರೆ ಇಂದಿಗೂ ಮಿಡಿಯುತ್ತವೆ. ಆ ಮಿಡಿತದ ಅತಿ ಸಣ್ಣ ವಿದ್ಯುತ್ತನ್ನು ಚರ್ಮದ ಮೇಲಿನ ಎಲೆಕ್ಟ್ರೋಡುಗಳು ಹಿಡಿದಾಗ ಒಳಗಿನ ಮೋಟಾರು ತಿರುಗುತ್ತದೆ.

ಮೋಟಾರು ಭಾರ, ಸದ್ದು ಬೇರೆ. ಇಡ್ಲಿಯನ್ನೂ ಸುತ್ತಿಗೆಯನ್ನೂ ಒಂದೇ ಬಿಗಿಯಲ್ಲಿ ಹಿಡಿದೀತು. ಆದ್ದರಿಂದಲೇ ವಿಜ್ಞಾನಿಗಳು ಕೃತಕ ಸ್ನಾಯುವಿನ ಹಿಂದೆ ಬಿದ್ದಿದ್ದಾರೆ. ಬಿಸಿಯಾದರೆ ಕುಗ್ಗುವ ನಿಕ್ಕಲ್-ಟೈಟಾನಿಯಂ ತಂತಿ ಒಂದು. ಮೀನು ಹಿಡಿಯುವ ನೈಲಾನ್ ದಾರವನ್ನು ಹುರಿಗೊಳಿಸಿ ಸುರುಳಿ ಮಾಡಿದರೆ ಅದೂ ಸ್ನಾಯುವಿನಂತೆ ಎಳೆಯುತ್ತದೆಂದು 2014ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದವರು ತೋರಿಸಿದರು. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಪ್ರೊ. ಜಿ.ಕೆ. ಅನಂತಸುರೇಶ್ ಅವರ ತಂಡ ಕೀಲು ತಿರುಪುಗಳಿಲ್ಲದೆ, ಬರಿಯ ಬಾಗುವಿಕೆಯಿಂದಲೇ ಕೆಲಸ ಮಾಡುವ ಸಾಧನಗಳ ಮೇಲೆ ವರ್ಷಗಟ್ಟಲೆ ದುಡಿದಿದೆ.

ಇವುಗಳಲ್ಲಿ ನನ್ನನ್ನು ಕಾಡುವುದು ಹಳೆಯದೊಂದು. ಅಮೆರಿಕದ ಭೌತವಿಜ್ಞಾನಿ ಜೋಸೆಫ್ ಮೆಕಿಬ್ಬೆನ್ ಅವರ ಮಗಳಿಗೆ 1952ರಲ್ಲಿ ಪೋಲಿಯೋ ತಗುಲಿ ಕೈಬೆರಳು ಆಡದಾದವು. ತಂದೆ ಒಂದು ರಬ್ಬರ್ ನಳಿಕೆಯನ್ನು ಹೆಣೆದ ಬಲೆಯೊಳಗೆ ಇಟ್ಟರು. ಅದರಲ್ಲಿ ಅನಿಲ ತುಂಬಿದರೆ ನಳಿಕೆ ದಪ್ಪಗಾಗಿ ಉದ್ದದಲ್ಲಿ ಕುಗ್ಗುತ್ತದೆ. ಕುಗ್ಗುವಾಗ ಮಗಳ ಬೆರಳುಗಳನ್ನು ಎಳೆದು ಹಿಡಿಸುತ್ತದೆ. ಇಂದಿಗೂ ಮೃದು ರೋಬೋಟುಗಳಲ್ಲಿ ಬಳಸುವ ಆ ಸ್ನಾಯುವಿಗೆ ಅವರದೇ ಹೆಸರು. ಇದೇ ಮೆಕಿಬ್ಬೆನ್, 1945ರ ಜುಲೈ 16ರ ಬೆಳಗಿನ ಜಾವ ನ್ಯೂ ಮೆಕ್ಸಿಕೋ ಮರುಭೂಮಿಯಲ್ಲಿ, ಮೊದಲ ಅಣುಬಾಂಬ್ ಪರೀಕ್ಷೆಯ ಕೊನೆಯ ಕ್ಷಣಗಳ ಸ್ವಯಂಚಾಲಿತ ವ್ಯವಸ್ಥೆಯ ಸ್ವಿಚ್ಚು ಹಾಕಿದವರು. ಆ ಪರೀಕ್ಷೆಗೆ ಇಟ್ಟಿದ್ದ ಹೆಸರು 'ಟ್ರಿನಿಟಿ', ನಮ್ಮ ಪರಮ ತ್ರಿತ್ವದ ಹೆಸರು! ಎರಡು ಕೆಲಸವನ್ನೂ ಮಾಡಿದ್ದು ಒಂದೇ ಕೈ, ಅದೂ ರಕ್ತಮಾಂಸದ ಕೈ.

ಸತ್ತವನ ಕೈಯನ್ನು ಕೈ ಎನ್ನುವುದು ಹೆಸರಿಗೆ ಮಾತ್ರ ಎಂದು ಅರಿಸ್ಟಾಟಲ್ ಹೇಳಿದ್ದನ್ನು ಸೆಮಿನರಿಯಲ್ಲಿ ಓದಿದ್ದೆವು. ಆತ್ಮದ ಕೆಲಸವನ್ನು ಮಾಡದ ಅಂಗ ಅಂಗವೇ ಅಲ್ಲ. ಸಂತ ತೋಮಾಸ್ ಅಕ್ವಿನಾಸರು ಕೈಯನ್ನು ಸಾಧನಗಳ ಸಾಧನವೆಂದು ಕರೆದು, ಪ್ರಾಣಿಗಳಿಗೆ ಕೊಂಬು ಉಗುರು ಕೊಟ್ಟ ದೇವರು ಮನುಷ್ಯನಿಗೆ ಬುದ್ಧಿಯನ್ನೂ ಕೈಯನ್ನೂ ಕೊಟ್ಟರು ಎಂದರು. ಇವರ ಮಾತನ್ನು ಹಿಡಿದು ನಡೆದರೆ ಪ್ಲಾಸ್ಟಿಕ್ ಕೈಯನ್ನು ಬರೀ ಸುತ್ತಿಗೆಯ ಸಾಲಿಗೆ ಸೇರಿಸುವುದು ಅಷ್ಟು ಸುಲಭವಲ್ಲ. ಅದರ ಚಲನೆ ಶುರುವಾಗುವುದೇ ಆ ಮನುಷ್ಯನ ಇಚ್ಛೆಯಲ್ಲಿ, ಅವನ ತೋಳಿನ ಮಾಂಸದಲ್ಲಿ. ನಿಜ, ಅದಕ್ಕೆ ನೋವಿಲ್ಲ, ಮಗುವಿನ ಕೆನ್ನೆಯ ಬಿಸಿ ಗೊತ್ತಾಗುವುದಿಲ್ಲ. ಆ ನಷ್ಟ ನಷ್ಟವೇ, ಅದನ್ನು ಮುಚ್ಚಿಡುವುದು ಬೇಡ. ಆದರೆ ನನ್ನ ಅನುಮಾನ ಹರಿದದ್ದು ಪಾಪನಿವೇದನೆಯ ಪೀಠದಲ್ಲಿ ಕುಳಿತಿದ್ದಾಗ. ಒಬ್ಬಾತ ಕೃತಕ ಕೈಯಿಂದ ಹೆಂಡತಿಗೆ ಹೊಡೆದು ಬಂದು, "ಸ್ವಾಮಿ, ಹೊಡೆದದ್ದು ಮೋಟಾರು" ಅಂದರೆ ಬಿಡುತ್ತೇನೆಯೇ? ಪಾಪ ಅವನದಾದರೆ ಪ್ರಾರ್ಥನೆಯೂ ಅವನದೇ ಅಲ್ಲವೇ?

ಧರ್ಮಸಭೆ ಊನಗೊಂಡ ಕೈಯನ್ನು ಪೀಠದ ಬಳಿ ಕಂಡಿರುವುದು ಇದೇ ಮೊದಲಲ್ಲ. ಉತ್ತರ ಅಮೆರಿಕದಲ್ಲಿ 1642ರಲ್ಲಿ ಸೆರೆಸಿಕ್ಕ ಯೇಸುಸಭೆಯ ಸಂತ ಐಸಾಕ್ ಜೋಗ್ಸ್ ಚಿತ್ರಹಿಂಸೆಯಲ್ಲಿ ಬೆರಳು ಕಳೆದುಕೊಂಡರು. ಆ ಕೈಗಳಿಂದ ಪೂಜೆ ಅರ್ಪಿಸಲು ವಿಶೇಷ ಅನುಮತಿ ಬೇಕಿತ್ತು. ಪೋಪ್ ಎಂಟನೇ ಅರ್ಬನ್ ಅದನ್ನು ಕೊಟ್ಟರು.

ಇನ್ನೊಂದು ಮಾತು, ಕಾರ್ಖಾನೆ ನಡೆಸುವ ಓದುಗರಿಗೆ. ಕೈ ಅಡ್ಡ ಬಂದರೆ ಪ್ರೆಸ್ಸನ್ನು ನಿಲ್ಲಿಸುವ ಬೆಳಕಿನ ಪರದೆ, ಎರಡೂ ಕೈಯಿಂದ ಒತ್ತಿದರೆ ಮಾತ್ರ ಇಳಿಯುವ ಗುಂಡಿ, ಇವೆಲ್ಲ ಹೊಸ ಆವಿಷ್ಕಾರಗಳಲ್ಲ. ಗುತ್ತಿಗೆ ಕೆಲಸಗಾರರ ಹೆಸರನ್ನೂ ಇಎಸ್ಐಯಲ್ಲಿ ಸೇರಿಸಿ. ಕೃತಕ ಕೈ ಬೇಕಾದವರು 1994ರಿಂದ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿರುವ ಮೊಬಿಲಿಟಿ ಇಂಡಿಯಾದಂಥ ಸಂಸ್ಥೆಗಳಲ್ಲಿ ವಿಚಾರಿಸಬಹುದು. ಅಂದು ನಾನು ಆ ಸಹೋದರರಿಗೆ ಇಷ್ಟನ್ನೂ ಹೇಳಲಿಲ್ಲ.

ತಪಸ್ಸುಕಾಲದಲ್ಲಿ ಅವರ ಮನೆಗೆ ಹೋದೆ. "ನಾನು ತಪ್ಪು ಹೇಳಿದ್ದೆ. ಅದು ನಿಮ್ಮ ಬಲಗೈ, ಅದರಲ್ಲೇ ಹಾಕ್ಕೊಳ್ಳಿ" ಎಂದೆ. ಅವರ ತಾಯಿ ಕಾಫಿ ಲೋಟ ಹಿಡಿದು ಕೇಳಿಸಿಕೊಳ್ಳುತ್ತಿದ್ದರು.

"ಬೆರಳು ಬಿಚ್ಚುವಾಗ ಸದ್ದು ಬರುತ್ತೆ ಸ್ವಾಮಿ. ಪೂಜೇಲಿ ಎಲ್ಲರಿಗೂ ಕೇಳಿಸುತ್ತೆ."

"ಕೇಳಿಸಲಿ ಬಿಡಿ" ಅಂದೆ. ಈಗ ಭಾನುವಾರ ಬೆಳಿಗ್ಗೆ ಪಿತನ ನಾಮದಲ್ಲಿ ಎಂದು ಶುರುಮಾಡುತ್ತಿದ್ದಂತೆ ಎಡಬದಿಯ ಮೂರನೇ ಬೆಂಚಿನಿಂದ ಸಣ್ಣಗೆ ಮೋಟಾರಿನ ಸದ್ದು ಬರುತ್ತದೆ. ಮಕ್ಕಳು ತಿರುಗಿ ನೋಡುತ್ತಾರೆ.