ಯಾವುದರ ನಂತರ ಯಾವುದು?

ಮನೆಯ ವಸ್ತುಗಳನ್ನು ಜೋಡಿಸಿಡುವುದರಲ್ಲಿ ನಮ್ಮ ಹೆಂಗಸರಿಗೆ ಇರುವಷ್ಟು ಅನುಭವ ಬೇರೆ ಯಾರಿಗಿದೆ? ಸಾಸಿವೆಯ ಪಕ್ಕ ಜೀರಿಗೆ, ಜೀರಿಗೆಯ ಪಕ್ಕ ಮೆಂತ್ಯ. ದಿನಬಳಕೆಯದು ಕೈಗೆಟುಕುವಲ್ಲಿ, ಹಬ್ಬದ ಪಾತ್ರೆ ಅಟ್ಟದ ಮೇಲೆ. ದಸರೆ ಬಂತೆಂದರೆ ಗೊಂಬೆಗಳ ಸಾಲು. ಪಟ್ಟದ ಗೊಂಬೆಗಳು ಮೇಲಿನ ಮೆಟ್ಟಿಲಿಗೆ, ಅಂಗಡಿ ಇಟ್ಟ ಶೆಟ್ಟಿ ಮತ್ತು ಶೆಟ್ಟಮ್ಮ ಕೆಳಗಿನ ಮೆಟ್ಟಿಲಿಗೆ. ಯಾವ ಗೊಂಬೆಯನ್ನು ಯಾವ ವರ್ಷ ಕೊಂಡೆವೆಂದು ನೋಡಿ ಯಾರೂ ಜೋಡಿಸುವುದಿಲ್ಲ. ಆದರೂ ಅದೊಂದು ಕ್ರಮ. ತಪ್ಪಿದರೆ ಆರತಿಗೆ ಬಂದ ಹಿರಿಯರು ಕೂಡಲೇ ಎತ್ತಿ ಹೇಳುತ್ತಾರೆ. ಇಷ್ಟೆಲ್ಲ ಬಲ್ಲ ನಮ್ಮನ್ನು ಇತ್ತೀಚೆಗೆ ಒಂದು ವಸ್ತು ಮಾತ್ರ ಕಂಗೆಡಿಸಿದೆ. ಅದೇ ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ ಸಾವಿರಗಟ್ಟಲೆ ತುಂಬಿಕೊಂಡಿರುವ ಫೋಟೋಗಳು.

ಹಿಂದೆ ಈ ತೊಂದರೆ ಇರಲಿಲ್ಲ. ಒಂದು ರೋಲಿಗೆ 36 ಚಿತ್ರ. ಮದುವೆಗೆ ಎರಡು ರೋಲು ತಂದರೆ ಅದೇ ದೊಡ್ಡ ಮಾತು. ನೆಗೆಟಿವ್ ಪಟ್ಟಿಯ ಅಂಚಿನಲ್ಲೇ ಸಂಖ್ಯೆ ಅಚ್ಚಾಗಿರುತ್ತಿತ್ತು, ಯಾವುದರ ನಂತರ ಯಾವುದು ಎಂಬ ವಾದಕ್ಕೆ ಅಲ್ಲಿ ಎಡೆಯೇ ಇರಲಿಲ್ಲ. ಕಪ್ಪು ಹಾಳೆಯ ಆಲ್ಬಂ, ನಾಲ್ಕು ಮೂಲೆಗೆ ನಾಲ್ಕು ಅಂಟು ತ್ರಿಕೋನ, ಹಾಳೆಗಳ ನಡುವೆ ತೆಳುವಾದ ಬಟರ್ ಪೇಪರ್. ಒಮ್ಮೆ ಅಂಟಿಸಿದರೆ ಮುಗಿಯಿತು. ಸರಿಯೋ ತಪ್ಪೋ, ಅಂಟಿಸಿದವರ ತೀರ್ಪೇ ಕೊನೆಯ ತೀರ್ಪು.

ನಾವಿರುವುದು ನಂದಿದುರ್ಗದಲ್ಲಿ. ನಂದಿಬೆಟ್ಟದ ನಂದಿದುರ್ಗವಲ್ಲ, ಅದೇ ಹೆಸರಿನ ಗಣಿಯ ಸುತ್ತ ಬೆಳೆದ, ಕೋಲಾರ ಚಿನ್ನದ ಗಣಿ ಪ್ರದೇಶದ ನಂದಿದುರ್ಗ. 1880ರಲ್ಲಿ ಜಾನ್ ಟೇಲರ್ ಕಂಪನಿ ಈ ಸೀಮೆಗೆ ಕಾಲಿಟ್ಟಿತು. ಮೈಸೂರು ಗಣಿ, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂದು ನಾಲ್ಕು ಹೆಸರುಗಳು ಲೋಕಕ್ಕೆಲ್ಲ ಪರಿಚಯವಾದವು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು, ಆಮೇಲೆ ಅವು ಕೇಂದ್ರ ಸರ್ಕಾರದ ಭಾರತ್ ಗೋಲ್ಡ್ ಮೈನ್ಸ್ ಆದವು. 2001ರ ಫೆಬ್ರವರಿ 28ರಂದು ಬಾಗಿಲು ಹಾಕಿದವು. ಹಾಗಾಗಿ ನಮ್ಮೂರಿನ ಯಾವ ಮನೆಯ ಆಲ್ಬಂ ತೆರೆದರೂ ಅದರಲ್ಲಿ ಎರಡು ಭಾಗ ಕಾಣುತ್ತದೆ. ಗಣಿ ಇದ್ದಾಗಿನದು, ಗಣಿ ಮುಚ್ಚಿದ ಮೇಲಿನದು. ಮೊದಲ ಭಾಗದಲ್ಲಿ ಗುಂಪು ದೊಡ್ಡದು. ಎರಡನೆಯದರಲ್ಲಿ ಒಬ್ಬೊಬ್ಬರೇ ಬೆಂಗಳೂರಿಗೆ, ಹೊಸೂರಿಗೆ ಹೊರಟು ಚಿತ್ರದಲ್ಲಿ ನಿಲ್ಲುವ ತಲೆಗಳು ಕಡಿಮೆಯಾಗುತ್ತ ಬರುತ್ತವೆ.

ಅಪ್ಪ ತೀರಿಕೊಂಡ ಮೇಲೆ ಮನೆಯ ಹಳೆಯ ಫೋಟೋಗಳನ್ನೆಲ್ಲ ನನ್ನ ಮಗಳು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿದಳು. ಅಣ್ಣತಮ್ಮಂದಿರು, ಅಕ್ಕಂದಿರು ತಮ್ಮ ತಮ್ಮಲ್ಲಿದ್ದುದನ್ನೂ ಕಳಿಸಿದರು. ಅವನ್ನು ಸಾಲಾಗಿ ಇಡುವ ಕೆಲಸ ನನ್ನ ಪಾಲಿಗೆ ಬಂತು. ಕಂಪ್ಯೂಟರಿಗೆ ಹೇಳಿದರೆ ಅದೇ ತಾರೀಖಿನ ಪ್ರಕಾರ ಜೋಡಿಸುತ್ತದೆಯಲ್ಲ ಎಂದು ನೀವು ಕೇಳಬಹುದು. ಜೋಡಿಸುತ್ತದೆ, ನಿಜ. ಆದರೆ ಅದಕ್ಕೆ ಗೊತ್ತಿರುವುದು ಒಂದೇ ಚೀಟಿ. ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದ ಪ್ರತಿ ಚಿತ್ರದ ಒಳಗೂ ತೆಗೆದ ದಿನ, ಗಂಟೆ, ನಿಮಿಷ ಬರೆದ ಒಂದು ಕಾಣದ ಚೀಟಿ ಇರುತ್ತದೆ. ಜಪಾನಿನವರು 1995ರಲ್ಲಿ ಮಾಡಿದ ಈ ಏರ್ಪಾಡಿಗೆ ಎಕ್ಸಿಫ್ ಎಂದು ಹೆಸರು. ಸ್ಕ್ಯಾನ್ ಮಾಡಿದ ಹಳೆಯ ಫೋಟೋಗೆ ಇಂಥ ಚೀಟಿ ಎಲ್ಲಿಂದ ಬರಬೇಕು? ಸ್ಕ್ಯಾನ್ ಮಾಡಿದ ದಿನವೇ ಅದರ ಹುಟ್ಟಿದ ದಿನ ಎಂದು ಕಂಪ್ಯೂಟರು ತಿಳಿಯುತ್ತದೆ. ಹೀಗಾಗಿ ನಮ್ಮ ಅಜ್ಜಿ, ಮರಿಮೊಮ್ಮಗನ ನಾಮಕರಣದ ನಂತರ ಮದುವೆಯಾದಳು!

ವಾಟ್ಸಾಪಿನಲ್ಲಿ ಬಂದ ಚಿತ್ರದ ಕಥೆ ಬೇರೆ. ದಾರಿಯಲ್ಲೇ ಆ ಚೀಟಿ ಉದುರಿಹೋಗಿರುತ್ತದೆ. ಹೆಸರಿನಲ್ಲಿ ಉಳಿಯುವ ತಾರೀಖು ಚಿತ್ರ ತೆಗೆದ ದಿನದ್ದಲ್ಲ, ಕೈಯಿಂದ ಕೈಗೆ ದಾಟಿದ ದಿನದ್ದು. ಹೆಸರು ನೋಡಿ ಜೋಡಿಸು ಎಂದರೆ ಕೆಲವು ಕಡೆ 1 ಆದಮೇಲೆ 10, 11 ಬಂದು, 2 ಎಲ್ಲೋ ಹಿಂದೆ ನಿಲ್ಲುತ್ತದೆ. ಇನ್ನು ತಂಗಿಯ ಮಗಳ ಮದುವೆಗೆ ಅಮೆರಿಕದಿಂದ ಬಂದ ನೆಂಟರೊಬ್ಬರ ಕ್ಯಾಮೆರಾದ ಗಡಿಯಾರ ಅಲ್ಲಿನ ಸಮಯವನ್ನೇ ಹಿಡಿದುಕೊಂಡಿತ್ತು. ನಮ್ಮಲ್ಲಿ ಬೆಳಗಿನ ಹತ್ತು ಗಂಟೆ ಎಂದರೆ ಅವರಲ್ಲಿ ಹಿಂದಿನ ರಾತ್ರಿ. ಎಲ್ಲರ ಚಿತ್ರಗಳನ್ನೂ ಸೇರಿಸಿ ನೋಡಿದರೆ ಗಂಡು ಕಾಶಿಯಾತ್ರೆಗೆ ಹೊರಡುವ ಮೊದಲೇ ತಾಳಿ ಕಟ್ಟಿಯಾಗಿತ್ತು.

ಇವೆಲ್ಲ ನಗುವ ಸಂಗತಿಗಳು, ತಿದ್ದಿಕೊಳ್ಳಬಹುದಾದವು. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಚಿತ್ರಕ್ಕೆ ಹೆಸರಿಟ್ಟರೆ, ಒಂಟಿ ಅಂಕಿಯ ಹಿಂದೆ ಸೊನ್ನೆ ಸೇರಿಸಿದರೆ, ಯಾವ ಕಂಪ್ಯೂಟರಿಗೆ ಹಾಕಿದರೂ ಸಾಲು ಕೆಡುವುದಿಲ್ಲ. ಹಳೆಯ ಫೋಟೋದ ಬೆನ್ನು ನೋಡಿದರೆ ಎಷ್ಟೋ ಸುಳಿವು ಸಿಗುತ್ತದೆ. ಸ್ಟುಡಿಯೋ ಮುದ್ರೆಯಲ್ಲಿ ಬಂಗಾರಪೇಟೆಗೆ ಬದಲು ಬೌರಿಂಗ್‌ಪೇಟೆ ಎಂದಿದ್ದರೆ ಅದು ಹಳೆಯ ಕಾಲದ್ದೆಂದು ಊಹಿಸಬಹುದು. ಮಗುವಿನ ಹಲ್ಲು, ಅಮ್ಮನ ಕಿವಿಯ ಓಲೆ, ಹಿಂದಿನ ಗೋಡೆಯ ಕ್ಯಾಲೆಂಡರು ಎಲ್ಲವೂ ಸಾಕ್ಷಿಗಳೇ. ಇಷ್ಟು ಮಾಡಿಯೂ ತಿಳಿಯದಿದ್ದರೆ ‘ಅಂದಾಜು 1974’ ಎಂದು ಬರೆಯುವುದು. ಅಂದಾಜನ್ನು ಅಂದಾಜೆಂದೇ ಬರೆಯುವುದರಲ್ಲಿ ಒಂದು ಮರ್ಯಾದೆ ಇದೆ. ಸುಮ್ಮನೆ ಒಂದು ತಾರೀಖು ಹಾಕಿಬಿಟ್ಟರೆ ಮುಂದೆ ಅದೇ ಸತ್ಯವಾಗಿ ಕೂರುತ್ತದೆ, ಪ್ರಶ್ನಿಸುವವರೂ ಇರುವುದಿಲ್ಲ.

ಕಷ್ಟ ಶುರುವಾದದ್ದು ತಾರೀಖುಗಳೆಲ್ಲ ಸರಿಹೋದ ಮೇಲೆ.

ಅಪ್ಪ ಗಣಿಯಲ್ಲಿ ಮೇಸ್ತ್ರಿಯಾಗಿದ್ದರು. ತಲೆಗೆ ಟೋಪಿ, ಸೊಂಟಕ್ಕೆ ದೀಪದ ಬ್ಯಾಟರಿ ಕಟ್ಟಿಕೊಂಡು ಶಾಫ್ಟಿನ ಮುಂದೆ ನಿಂತ ಒಂದು ಚಿತ್ರ ನಮ್ಮನೆಯಲ್ಲಿದೆ. ಗಣಿ ಮುಚ್ಚಿದ ಮೇಲೆ ಅವರು ಏಳು ವರ್ಷ ಬೆಂಗಳೂರಿನಲ್ಲಿ ಒಂದು ಕಟ್ಟಡದ ಕಾವಲುಗಾರರಾಗಿದ್ದರು. ಬೆಳಕು ಹರಿಯುವ ಮೊದಲೇ ಎದ್ದು, ಬಂಗಾರಪೇಟೆಯ ಮೇಲೆ ಹೋಗುವ ರೈಲು ಹಿಡಿದು, ರಾತ್ರಿ ಮಕ್ಕಳು ಮಲಗಿದ ಮೇಲೆ ಬರುತ್ತಿದ್ದರು. ನಮ್ಮೂರಿನ ಎಷ್ಟೋ ಗಂಡಸರ ದಿನಚರಿ ಅದೇ ಆಯಿತು. ಆ ನೀಲಿ ಯೂನಿಫಾರಂನಲ್ಲಿ ಅಪ್ಪ ಗೇಟಿನ ಪಕ್ಕ ಕುರ್ಚಿಯಲ್ಲಿ ಕೂತಿರುವ ಮೂರು ಚಿತ್ರಗಳನ್ನು ತಮ್ಮ ತೆಗೆದಿದ್ದ.

ಅಮ್ಮ ಅವನ್ನು ನೋಡಿದ್ದೇ ತಡ, “ಇವೆಲ್ಲ ಯಾಕೆ ಈಗ? ತೆಗೆದುಹಾಕು. ನಿಮ್ಮಪ್ಪ ಗಣೀಲಿ ಮೇಸ್ತ್ರಿಯಾಗಿದ್ದೋರು ಅಂತ ಮೊಮ್ಮಕ್ಕಳಿಗೆ ಗೊತ್ತಾದ್ರೆ ಸಾಕು” ಎಂದಳು.

ಅಮ್ಮನ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿದ್ದ ಗಣಿಗಳ ಊರು ಇದು. ಅಲ್ಲಿ ಇಳಿದು ಹತ್ತು ಜನರಿಂದ ಕೆಲಸ ತೆಗೆಸಿದ ಮನುಷ್ಯ ಬೇರೆಯವರ ಕಾರಿಗೆ ಗೇಟು ತೆಗೆಯಬೇಕಾಗಿ ಬಂದದ್ದು ಅವಳಿಗೆ ಇಂದಿಗೂ ಉರಿಯುವ ಗಾಯ. ಸತ್ತವರನ್ನು ಅವರ ಒಳ್ಳೆಯ ದಿನಗಳಿಂದ ನೆನೆಯುವುದು ತಪ್ಪೇ? ನಾವು ಗೋಡೆಗೆ ಹಾಕುವ ಚಿತ್ರವೂ ಆಸ್ಪತ್ರೆಯ ಮಂಚದ್ದಲ್ಲವಲ್ಲ.

ಆದರೆ ಇನ್ನೊಂದು ದಿಕ್ಕಿನಿಂದ ಯೋಚಿಸಿದೆ. ಗಣಿಯ ಟೋಪಿ ಹಾಕಿದ ಅಪ್ಪನಿಗೆ ಊರೇ ಗೌರವ ಕೊಟ್ಟಿತು. ಆ ಏಳು ವರ್ಷದ ಯೂನಿಫಾರಂಗೆ ಯಾರು ಕೊಟ್ಟರು? ತಮ್ಮನ ಓದು ಮುಗಿದದ್ದು ಆ ಸಂಬಳದಿಂದ. ನಾಚಿಕೆಯನ್ನು ನುಂಗಿಕೊಂಡು ದಿನಾ ರೈಲು ಹತ್ತಿದ ಆ ವರ್ಷಗಳನ್ನು ತೆಗೆದುಬಿಟ್ಟರೆ ಅವರು ಪಟ್ಟ ಪಾಡನ್ನು ನಾವೇ ಸಣ್ಣದು ಮಾಡಿದ ಹಾಗಲ್ಲವೇ? ಮೊಮ್ಮಕ್ಕಳು ತಾತನ ಬದುಕು 2001ಕ್ಕೇ ನಿಂತಿತೆಂದು ತಿಳಿದಾರು. ನಾಳೆ ಅವರಲ್ಲೊಬ್ಬನಿಗೆ ಇದ್ದ ಕೆಲಸ ಹೋದಾಗ ತಾತ ಏನು ಮಾಡಿದರೆಂದು ನೋಡಲು ಒಂದು ಪುಟವಾದರೂ ಬೇಡವೇ?

ತಾರೀಖಿನ ಸಾಲಿಗೆ ಇರುವ ದೊಡ್ಡ ಗುಣ ಇದೇ. ಅದಕ್ಕೆ ಪಕ್ಷಪಾತವಿಲ್ಲ. 2001ರ ಫೆಬ್ರವರಿಯಲ್ಲಿ ಅಕ್ಕನ ಸೀಮಂತವಾಯಿತು. ಅದರ ಚಿತ್ರದಲ್ಲಿ ಅಮ್ಮ ಮುಖ ತುಂಬ ನಗುತ್ತಿದ್ದಾಳೆ. ಅದೇ ತಿಂಗಳ ಕೊನೆಯ ಚಿತ್ರದಲ್ಲಿ ಅಪ್ಪ ತನ್ನ ಜೊತೆಯವರೊಂದಿಗೆ ಶಾಫ್ಟಿನ ಎದುರು ಕೈಕಟ್ಟಿ ನಿಂತಿದ್ದಾರೆ. ಸೀಮಂತದ್ದನ್ನು ‘ಶುಭಕಾರ್ಯ’ ಎಂಬ ಕಟ್ಟಿಗೂ ಗಣಿಯದ್ದನ್ನು ‘ಅಪ್ಪ’ ಎಂಬ ಕಟ್ಟಿಗೂ ಹಾಕಿದರೆ ಎರಡೂ ಸಾಮಾನ್ಯ ಚಿತ್ರಗಳು. ಅಕ್ಕಪಕ್ಕ ಇಟ್ಟಾಗ ಮಾತ್ರ, ಆ ನಗುವನ್ನು ಅಮ್ಮ ಎಷ್ಟು ಕಷ್ಟಪಟ್ಟು ನಕ್ಕಿರಬೇಕೆಂದು ತಿಳಿಯುತ್ತದೆ. ಕಾಲ ಹಾಗೆ ಸುಖದುಃಖಗಳನ್ನು ಬೇರೆಬೇರೆ ಡಬ್ಬಕ್ಕೆ ಹಾಕಿ ಕೊಡುವುದಿಲ್ಲ.

ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಡು. ಆದ್ರೆ ತೆಗೆದ ತಕ್ಷಣ ಅದೇ ಕಾಣೋ ಹಾಗೆ ಇಡಬೇಡ” ಎಂದಳು. ಆ ಮಾತು ನ್ಯಾಯವಾದದ್ದು. ಮೊದಲು ಯಾವುದನ್ನು ತೋರಿಸಬೇಕು ಎನ್ನುವುದು ಪ್ರೀತಿಯ ಹಕ್ಕು. ಇಲ್ಲವೇ ಇಲ್ಲ ಎನ್ನುವುದು ಬೇರೆ ಮಾತು. ಕಂಪ್ಯೂಟರಿನಲ್ಲಿ ಇದಕ್ಕೆ ದಾರಿಯೂ ಇದೆ. ಮೂಲದ ಸಾಲು ತಾರೀಖಿನ ಪ್ರಕಾರ ಹಾಗೇ ಇರುತ್ತದೆ. ಅದೇ ಚಿತ್ರಗಳನ್ನು ಮತ್ತೆ ನಕಲು ಮಾಡದೆ ‘ಅಮ್ಮನ ಆಲ್ಬಂ’, ‘ಅಕ್ಕನ ಆಲ್ಬಂ’ ಎಂದು ಬೇರೆಬೇರೆ ಸರಗಳಾಗಿಯೂ ಪೋಣಿಸಬಹುದು. ಒಂದೇ ಹೂವನ್ನು ಎರಡು ದಂಡೆಗೆ ಕಟ್ಟಲು ಬಾರದು. ಫೋಟೋವನ್ನು ಕಟ್ಟಬಹುದು.

ಇದಕ್ಕಿಂತ ಗಟ್ಟಿಯಾದ ಪ್ರಶ್ನೆ ಇನ್ನೊಂದಿತ್ತು. ನನ್ನ ಚಿಕ್ಕಮ್ಮನನ್ನು ಗಂಡ ಬಿಟ್ಟುಹೋಗಿ ಬಹಳ ವರ್ಷಗಳಾದವು. ಆಗ ಮಗಳಿಗೆ ಎರಡು ವರ್ಷ. ಚಿಕ್ಕಮ್ಮ ತನ್ನಲ್ಲಿದ್ದ ಪ್ರತಿ ಫೋಟೋದಿಂದಲೂ ಆತನನ್ನು ಕತ್ತರಿಯಿಂದ ಕತ್ತರಿಸಿ ತೆಗೆದಳು. ಆ ಅರ್ಧ ಚಿತ್ರಗಳನ್ನು ನೋಡಿದರೆ ಅವಳ ಹೆಗಲ ಮೇಲೆ ಯಾರದೋ ನಾಲ್ಕು ಬೆರಳು ಮಾತ್ರ ಉಳಿದಿವೆ. ಇಡೀ ಮುಖವಿರುವ ಒಂದೇ ಒಂದು ಚಿತ್ರ ಅಜ್ಜಿಯ ಪೆಟ್ಟಿಗೆಯಲ್ಲಿತ್ತು, ಮನೆಮಂದಿಯೆಲ್ಲ ಇರುವ ಗುಂಪಿನದು. ಅದು ನನ್ನ ಸಾಲಿಗೆ ಬಂತು. ಅದನ್ನು ಇಡುವುದೇ ಬೇಡ, ಅಳಿಸಿಬಿಡು ಎಂದರು ಮನೆಯ ಹಿರಿಯರು. ಅಷ್ಟರಲ್ಲಿ ಚಿಕ್ಕಮ್ಮನ ಮಗಳು, ಈಗ ಅವಳಿಗೇ ಒಂದು ಮಗು, ಫೋನು ಮಾಡಿ ಕೇಳಿದಳು. “ಅಕ್ಕ, ನಮ್ಮಪ್ಪನ ಫೋಟೋ ಒಂದಾದ್ರೂ ಇದೆಯಾ? ಹೇಗಿದ್ರು ಅಂತ ನೋಡ್ಬೇಕು, ಅಷ್ಟೇ.”

ಕತ್ತರಿಗೂ ಕಂಪ್ಯೂಟರಿನ ಅಳಿಸುವ ಗುಂಡಿಗೂ ಇರುವ ವ್ಯತ್ಯಾಸ ನನಗೆ ಅರ್ಥವಾದದ್ದು ಆಗ. ಕತ್ತರಿ ಒಂದು ಅಂಚನ್ನು ಬಿಡುತ್ತದೆ. ಇಲ್ಲಿ ಒಬ್ಬನಿದ್ದ, ಅವನ ಮೇಲೆ ಯಾರಿಗೋ ಕೋಪವಿತ್ತು ಎಂದು ಆ ಅಂಚೇ ಹೇಳುತ್ತದೆ. ಅದೂ ಒಂದು ಬಗೆಯ ಸತ್ಯವೇ. ಗುಂಡಿ ಒತ್ತಿ ಅಳಿಸಿದರೆ ಅಂಚೂ ಉಳಿಯುವುದಿಲ್ಲ. ಮುಂದಿನ ಚಿತ್ರ ಹಿಂದಿನದರ ಪಕ್ಕಕ್ಕೆ ಸರಿದು ಕೂರುತ್ತದೆ, ಏನೂ ಆಗಿಲ್ಲವೆಂಬಂತೆ.

ಕೊಡುವ ಮೊದಲು ಚಿಕ್ಕಮ್ಮನನ್ನು ಕೇಳುವುದು ನ್ಯಾಯವೆನಿಸಿತು. ನೊಂದವಳು ಅವಳು. ಆಂಡರ್‌ಸನ್‌ಪೇಟೆಯ ಅವಳ ಮನೆಗೆ ಹೋಗಿ ವಿಷಯ ಹೇಳಿದೆ. ಅವಳು ಹೂ ಕಟ್ಟುತ್ತಿದ್ದಳು. ಕೈ ನಿಲ್ಲಿಸದೆಯೇ ಹೇಳಿದಳು. “ಕೊಡು. ನಾನು ಕತ್ತರಿಸಿದ್ದು ನನ್ನ ಕಣ್ಣಿಗೆ ಬೇಡ ಅಂತ. ಅವಳ ಕಣ್ಣಿಗೆ ಬೇಡ ಅಂತ ಯಾವತ್ತೂ ಹೇಳಲಿಲ್ವಲ್ಲ.” ಸ್ವಲ್ಪ ತಡೆದು, “ನಂಗೆ ಮಾತ್ರ ತೋರಿಸ್ಬೇಡ” ಎಂದಳು.

ಓದು ಕಲಿತ ನಾವು ಎಷ್ಟೋ ದಿನ ತಲೆ ಕೆಡಿಸಿಕೊಂಡ ಪ್ರಶ್ನೆಗೆ ಅವಳು ಎರಡು ಮಾತಿನಲ್ಲಿ ಗೆರೆ ಎಳೆದುಬಿಟ್ಟಳು. ನನ್ನ ಕಣ್ಣಿಗೆ ಬೇಡದ್ದನ್ನು ನಾನು ನೋಡದಿರುವ ಹಕ್ಕು ನನಗಿದೆ. ಇನ್ನೊಬ್ಬರೂ ನೋಡದಂತೆ ಮಾಡುವ ಹಕ್ಕು ಇಲ್ಲ. ಚಿಕ್ಕಮ್ಮನಿಗೆ ಕಳಿಸಿದ ಸಾಲಿನಲ್ಲಿ ಆ ಚಿತ್ರವಿಲ್ಲ. ಮೂಲದ ಸಾಲಿನಲ್ಲಿದೆ, ತನ್ನ ತಾರೀಖಿನ ಜಾಗದಲ್ಲೇ, ಅದರಲ್ಲಿರುವ ಎಲ್ಲರ ಹೆಸರಿನೊಂದಿಗೆ.

ಹೆಸರು ಬರೆಯುವುದು ಬಹಳ ಮುಖ್ಯ, ಅಕ್ಕಂದಿರೇ. ಎಷ್ಟೇ ಚೆನ್ನಾಗಿ ಜೋಡಿಸಿದರೂ ಗುಂಪಿನಲ್ಲಿ ಎಡದಿಂದ ಮೂರನೆಯವಳು ಯಾರೆಂದು ಹೇಳಬಲ್ಲ ಕೊನೆಯ ಮನುಷ್ಯ ಹೊರಟುಹೋದ ದಿನ ಆ ಚಿತ್ರ ಅನಾಥ. ಮನೆಯ ಹಿರಿಯರ ಕಣ್ಣು, ನೆನಪು ಚೆನ್ನಾಗಿರುವಾಗಲೇ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದಿಡಿ. ಒಂದು ಪ್ರತಿಯನ್ನು ಬೇರೆ ಊರಿನ ಬೇರೆ ಮನೆಯಲ್ಲೂ ಇಡಿಸಿ, ಒಂದು ಯಂತ್ರ ಕೆಟ್ಟರೆ ಮನೆತನದ ನೆನಪೇ ಹೋಗದಿರಲಿ.

ಗಣಿ ಎಂದ ಮೇಲೆ ಒಂದು ಲೆಕ್ಕ ಇದ್ದೇ ಇರುತ್ತದೆ. ಪಾಳಿಯಲ್ಲಿ ಕೆಳಗೆ ಇಳಿದವರೆಷ್ಟು, ಮೇಲೆ ಹತ್ತಿದವರೆಷ್ಟು ಎಂಬುದು ತಾಳೆಯಾಗಬೇಕು. ಯಾರು ಮೊದಲು ಬಂದರು, ಯಾರು ಆಮೇಲೆ ಎಂಬುದಲ್ಲ, ಯಾರೂ ಒಳಗೆ ಉಳಿಯಲಿಲ್ಲ ತಾನೇ ಎಂಬುದೇ ಹೊರಗೆ ಕಾದು ನಿಂತ ಹೆಂಗಸರ ಚಿಂತೆ. ನೂರಿಪ್ಪತ್ತು ವರ್ಷ ಈ ಊರಿನ ಹೆಂಗಸರು ಆ ಚಿಂತೆಯಲ್ಲೇ ಅಡುಗೆ ಮಾಡಿದ್ದಾರೆ, ಮಕ್ಕಳನ್ನು ಬೆಳೆಸಿದ್ದಾರೆ. ಮನೆಯ ಫೋಟೋಗಳ ವಿಷಯದಲ್ಲೂ ಅದೇ ಮಾತು ಸಲ್ಲುತ್ತದೆ ಎಂದು ನನಗೆ ಅನ್ನಿಸಿದೆ. ನೋಡುವವರ ಮನಸ್ಸಿಗೆ ತಕ್ಕಂತೆ ಸಾಲು ಹಿಂದುಮುಂದಾದರೆ ಚಿಂತೆಯಿಲ್ಲ. ಎಣಿಕೆ ತಪ್ಪಬಾರದು.