ಕಂಡುದನ್ನು ಸಾಧಿಸುವುದೇತಕ್ಕೆ?

ಸಮಾಂತರ ಚತುರ್ಭುಜದ ಎದುರು ಭುಜಗಳು ಸಮವೆಂಬುದು ಕಣ್ಣಿಗೇ ಕಾಣುತ್ತಿರಲು, ಅದನ್ನು ಸಾಧಿಸುವ ಶ್ರಮವೇತಕ್ಕೆಂದು ವಿದ್ಯಾರ್ಥಿಗಳು ಕೇಳುವುದುಂಟು. ಇದು ಉದ್ಧಟತನದ ಪ್ರಶ್ನೆಯಲ್ಲ. ಪ್ರತ್ಯಕ್ಷವಿರುವಲ್ಲಿ ಅನುಮಾನಕ್ಕೇನು ಕೆಲಸವೆಂಬ ಹಳೆಯ ಶಂಕೆಯೇ ಇಲ್ಲಿ ಅಳತೆಪಟ್ಟಿಯನ್ನು ಹಿಡಿದು ನಿಂತಿದೆ.

ಅಳೆದು ನೋಡುವವನು ತನ್ನೆದುರಿನ ಒಂದು ಚಿತ್ರವನ್ನು ಮಾತ್ರ ಅಳೆಯುತ್ತಾನೆ. ಹತ್ತನ್ನು ಅಳೆದರೂ ಹನ್ನೊಂದನೆಯದು ಉಳಿದೇ ಇರುವುದು. ಕರ್ಣವೊಂದನ್ನು ಎಳೆದೆವೆಂದರೆ ಸ್ಥಿತಿಯೇ ಬೇರೆ. ಎದುರು ಭುಜಗಳು ಸಮಾಂತರವಾದುದರಿಂದ ಕರ್ಣದ ಎರಡು ಕೊನೆಗಳಲ್ಲಿಯ ಪರ್ಯಾಯಕೋನಗಳು ಸಮ. ಕರ್ಣವು ಎರಡು ತ್ರಿಭುಜಗಳಿಗೂ ಸಾಮಾನ್ಯ. ಎರಡು ಕೋನಗಳೂ ಅವುಗಳ ನಡುವಣ ಭುಜವೂ ಸಮವಾಗಲು ತ್ರಿಭುಜಗಳು ಸರ್ವಸಮ. ಆದಕಾರಣ ಎದುರು ಭುಜಗಳು ಸಮ. ಅಳತೆಪಟ್ಟಿಯ ಮಾತೇ ಬರಲಿಲ್ಲ. ಇನ್ನು ಮುಂದೆ ಯಾರು ಎಲ್ಲಿ ಬರೆದರೂ ಆ ಚತುರ್ಭುಜವು ಈ ಮಾತಿಗೆ ಒಳಪಟ್ಟುದೇ. ನೈಯಾಯಿಕರು ವ್ಯಾಪ್ತಿಯೆಂದುದು ಇದನ್ನೇ. ಹೊಗೆ ಬೆಂಕಿಗಳ ಸವೆದ ಉದಾಹರಣೆಗಿಂತ ಇದು ಮಕ್ಕಳಿಗೆ ಬೇಗ ಹಿಡಿಯುವುದೆಂದು ನನ್ನ ಅಭಿಪ್ರಾಯ.

ಕಣ್ಣು ಹೇಳಿದ್ದು ನಿಜವೇ ಆಗಿರುವಾಗ ನಷ್ಟವೇನೆಂದು ವಾಚಕರು ಕೇಳಬಹುದು. ಅದೇ ಕಣ್ಣು, ನಾಲ್ಕು ಭುಜಗಳೂ ಸಮವಾದರೆ ಕ್ಷೇತ್ರಫಲವೂ ಸಮವೆಂದು ಅಷ್ಟೇ ಧೈರ್ಯದಿಂದ ಹೇಳಿಬಿಡುತ್ತದೆ. 1150ರಲ್ಲಿ ರಚಿತವಾದ ‘ಲೀಲಾವತಿ’ಯಲ್ಲಿ ಭಾಸ್ಕರಾಚಾರ್ಯನು ಇದಕ್ಕೆ ಮದ್ದಿಟ್ಟಿದ್ದಾನೆ. ಭುಜಗಳು ತಲಾ 25 ಇರುವ ಚತುರ್ಭುಜದ ಕರ್ಣಗಳು 30, 40 ಆದರೆ ಫಲವು 600. 14, 48 ಆದರೆ 336. ನೆಟ್ಟಗೆ ನಿಂತ ಚೌಕವಾದರೆ 625. ಕರ್ಣವನ್ನಾಗಲಿ ಲಂಬವನ್ನಾಗಲಿ ತಿಳಿಸದೆ ಫಲವನ್ನು ಕೇಳುವವನನ್ನು ಆಚಾರ್ಯನು ಪಿಶಾಚನೆಂದೇ ಕರೆದನು. ಉತ್ತರ ಹೇಳಹೊರಟವನನ್ನೂ ಬಿಡಲಿಲ್ಲ! ಬೈಗುಳು ಅತಿಯಾಯಿತೆಂದು ತೋರೀತು. ಆದರೆ ಅಣ್ಣತಮ್ಮಂದಿರು ಹೊಲವನ್ನು ಪಾಲುಮಾಡಿಕೊಳ್ಳುವಾಗ ಬೇಲಿಯ ಉದ್ದವನ್ನೇ ನಂಬಿದರೆಂದು ಭಾವಿಸೋಣ. ಇಬ್ಬರ ಬೇಲಿಯೂ 100. ನೆಲವೋ ಒಬ್ಬನಿಗೆ 625, ಇನ್ನೊಬ್ಬನಿಗೆ 336. ಮೋಸಗಾರನಿಲ್ಲದೆಯೇ ಮೋಸವು ನಡೆದುಹೋಯಿತು. ಪಾಲು ಕಡಿಮೆಯಾದವನ ಮಕ್ಕಳು ಉಣ್ಣುವುದು ಬೇಲಿಯನ್ನಲ್ಲವಷ್ಟೆ.

ಸಾಧನೆಗೂ ಒಂದು ಋಣವುಂಟು. ಪರ್ಯಾಯಕೋನಗಳು ಸಮವೆಂಬುದು ಯೂಕ್ಲಿಡನ ಐದನೆಯ ಸ್ವೀಕೃತತತ್ತ್ವವನ್ನು ಆಶ್ರಯಿಸಿದೆ. 1829ರಲ್ಲಿ ರಷ್ಯದ ಲೊಬಾಚೆವ್ಸ್ಕಿಯು ಅದನ್ನು ಬಿಟ್ಟು ಬೇರೊಂದು ರೇಖಾಗಣಿತವನ್ನೇ ಪ್ರಕಟಿಸಿದನು. ಅಲ್ಲಿ ಎದುರು ಭುಜಗಳು ಎಂದಿಗೂ ಕೂಡದಿದ್ದ ಮಾತ್ರಕ್ಕೆ ಸಮವಾಗಬೇಕೆಂಬ ನಿಯಮವಿಲ್ಲ. ಇದರಿಂದ ಯೂಕ್ಲಿಡನ ಮಾತು ಸುಳ್ಳಾಗಲಿಲ್ಲ. ತಾನು ಬೇಡಿ ಪಡೆದುದೇನೆಂಬುದನ್ನು ಆತನು ಗ್ರಂಥದ ಆರಂಭದಲ್ಲಿಯೇ ಬರೆದಿಟ್ಟಿದ್ದನು.